ಬಾಲ ಬೇಡವೆಂದ ಮೀನು: ಮೋಲಾ ಮೋಲಾದ ಒಳಗೂ ಹೊರಗೂ

ಮೋಲಾ ಮೋಲಾದ ಫೋಟೋ ಮೊದಲ ಸಲ ನೋಡಿದವರು ಸಾಮಾನ್ಯವಾಗಿ ಕೇಳುವುದು, ಇದರ ಹಿಂದಿನ ಅರ್ಧ ಎಲ್ಲಿ ಹೋಯಿತು ಅಂತ. ಅಗಲವಾದ ಚಪ್ಪಟೆ ಮೈ, ಮುಂದೊಂದು ಪುಟ್ಟ ಬಾಯಿ, ಮೇಲಕ್ಕೊಂದು ಕೆಳಕ್ಕೊಂದು ಉದ್ದನೆಯ ರೆಕ್ಕೆ, ಅಲ್ಲಿಂದಾಚೆಗೆ ಏನೂ ಇಲ್ಲ. ಯಾವುದೋ ಶಾರ್ಕ್ ಬಾಯಿ ಹಾಕಿ ಅರ್ಧಕ್ಕೇ ಬಿಟ್ಟುಹೋಗಿದೆ ಅನ್ನಿಸುತ್ತದೆ. ಆದರೆ ಅದು ಪೂರ್ತಿ ಮೀನೇ. ಎಲುಬಿನ ಮೀನುಗಳ ಪೈಕಿ ಇದರ ಕುಲದಷ್ಟು ತೂಗುವುದು ಬೇರೆ ಇಲ್ಲ. ಕನ್ನಡದಲ್ಲಿ ಸೂರ್ಯಮೀನು ಎಂದು ಬರೆಯುವವರೂ ಇದ್ದಾರೆ. ನಾನು ಮೋಲಾ ಎಂದೇ ಬರೆಯುತ್ತೇನೆ.

ಈ ಮೀನನ್ನು ಗೇಲಿ ಮಾಡುವ ಪೋಸ್ಟುಗಳಿಗೆ ಇಂಟರ್ನೆಟ್ಟಿನಲ್ಲಿ ಬರವಿಲ್ಲ. ದಡ್ಡ, ಸೋಮಾರಿ, ಈಜಲು ಬರದೆ ಅಲೆ ಎಳೆದತ್ತ ತೇಲುತ್ತದೆ, ಸುಮ್ಮನೆ ಬೆಚ್ಚಿಬಿದ್ದರೂ ಸಾಯುತ್ತದೆ, ಹೀಗೆ ಏನೇನೋ. ಇವುಗಳಲ್ಲಿ ಬಹುಪಾಲು ಸುಳ್ಳು. ಮೋಲಾದ ಮೈಯಲ್ಲಿ ವಿಚಿತ್ರ ಎನಿಸುವುದೆಲ್ಲ ಒಂದೇ ಸಂಗತಿಗೆ ಹೋಗಿ ಸೇರುತ್ತದೆ: ಇದರ ಪೂರ್ವಜರು ಬಾಲ ಬಿಟ್ಟುಕೊಟ್ಟು, ಈಜುವ ಕೆಲಸವನ್ನು ಪೂರ್ತಿಯಾಗಿ ಬೆನ್ನಿನ ಮತ್ತು ಗುದದ ರೆಕ್ಕೆಗಳಿಗೆ ವಹಿಸಿದರು. ಎಲುಬು, ಮಾಂಸ, ಚರ್ಮ, ತೇಲುವ ಉಪಾಯ ಎಲ್ಲವೂ ಆ ಏರ್ಪಾಟಿಗೆ ತಕ್ಕಂತೆ ಬದಲಾದವು.

ನೆಂಟಸ್ತಿಕೆಯಿಂದ ಶುರುಮಾಡಿದರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಮೋಲಾ ಸೇರಿರುವುದು ಟೆಟ್ರಾಡಾಂಟಿಫಾರ್ಮಿಸ್ ಎಂಬ ಗಣಕ್ಕೆ. ಹೊಟ್ಟೆ ಉಬ್ಬಿಸಿಕೊಳ್ಳುವ ಪಫರ್ ಮೀನು, ಮೈಯೆಲ್ಲ ಮುಳ್ಳಿರುವ ಪಾರ್ಕುಪೈನ್ ಮೀನು, ಬಾಕ್ಸ್‌ಫಿಶ್, ಟ್ರಿಗರ್‌ಫಿಶ್ ಎಲ್ಲ ಇದೇ ಗಣದವು. ಮಲ್ಪೆ, ಮಂಗಳೂರು ಕಡೆ ‘ಕಾರ್ಗಿಲ್’ ಮೀನು ಎನ್ನುವ, ಕೆಂಪು ಹಲ್ಲಿನ ಕಡುನೀಲಿ ಮೀನು ಒಂದು ಟ್ರಿಗರ್‌ಫಿಶ್ಶೇ. ಬಲೆಗೆ ರಾಶಿ ರಾಶಿ ಬಿದ್ದು ಫಿಶ್‌ಮೀಲ್ ಕಾರ್ಖಾನೆಗೆ ಹೋಗುವ ಅದು, ನೀರಿನಲ್ಲಿ ಜೀವಂತವಾಗಿರುವಾಗ ಹೇಗೆ ಈಜುತ್ತದೆ ಎಂದು ಗಮನಿಸಬೇಕು. ನಿಧಾನವಾಗಿ ಹೋಗುವಾಗ ಬಾಲ ಅಲ್ಲಾಡುವುದೇ ಇಲ್ಲ. ಮೇಲಿನ ಕೆಳಗಿನ ರೆಕ್ಕೆಗಳೆರಡೂ ಒಟ್ಟಿಗೆ ಬಳುಕುತ್ತವೆ. ಗಾಬರಿಬಿದ್ದು ಓಡುವಾಗ ಮಾತ್ರ ಬಾಲ ಬಡಿಯುತ್ತದೆ. ಬಂಡೆಗಳ ಸಂದಿಯಲ್ಲಿ ಹಿಂದೆ ಮುಂದೆ ತಿರುಗಿಕೊಂಡು ಬದುಕುವ ಮೀನಿಗೆ ಇದು ಅನುಕೂಲ. ಮೋಲಾ ಇದೇ ಚಾಳಿಯನ್ನು ಕೊನೆಯ ಹಂತಕ್ಕೆ ಒಯ್ದು, ಬಂಡೆ ಬಿಟ್ಟು ನಡುಗಡಲಿಗೆ ಬಂದಿದೆ.

ಬಾಲ ಇರಬೇಕಾದ ಕಡೆ ಇರುವ, ಅಂಚು ಗುಂಡಗಿರುವ ಗಟ್ಟಿ ಪಟ್ಟಿಗೆ ಕ್ಲೇವಸ್ ಎಂದು ಹೆಸರು. ಇದು ಮೊಟಕಾದ ಬಾಲವೋ, ಬೇರೆ ಯಾವುದೋ ಭಾಗವೋ ಎಂಬ ಜಗಳ ಜೀವಶಾಸ್ತ್ರಜ್ಞರಲ್ಲಿ ಬಹಳ ಕಾಲ ನಡೆಯಿತು. ಡೇವಿಡ್ ಜಾನ್ಸನ್ ಮತ್ತು ರಾಲ್ಫ್ ಬ್ರಿಟ್ಸ್ 2005ರಲ್ಲಿ ಈ ಕುಟುಂಬದ ಮರಿಗಳ ಎಲುಬು ಬೆಳೆಯುವ ಕ್ರಮವನ್ನು ಹಂತಹಂತವಾಗಿ ನೋಡಿ ಅದನ್ನು ಬಗೆಹರಿಸಿದರು. ಬಾಲದ ರೆಕ್ಕೆ ರೂಪುಗೊಳ್ಳುವುದೇ ಇಲ್ಲ. ಬೆನ್ನಿನ ರೆಕ್ಕೆಯ ಕಡ್ಡಿಗಳು ಮೇಲಿನಿಂದಲೂ ಗುದದ ರೆಕ್ಕೆಯ ಕಡ್ಡಿಗಳು ಕೆಳಗಿನಿಂದಲೂ ಹಿಂದಕ್ಕೆ ಬಂದು ನಡುವೆ ಕೂಡಿಕೊಂಡು ಕ್ಲೇವಸ್ ಆಗುತ್ತದೆ. ಹಾಗಾಗಿ ಅದು ಮುಂದಕ್ಕೆ ತಳ್ಳುವ ಕೆಲಸಕ್ಕೆ ಬರುವುದಿಲ್ಲ. ದೋಣಿಯ ಚುಕ್ಕಾಣಿಯ ಕೆಲಸ ಅದರದು.

ಎಲುಬಿನ ಲೆಕ್ಕಕ್ಕೆ ಬರೋಣ. ನಮ್ಮ ಬಂಗುಡೆಗೆ ಬೆನ್ನುಮೂಳೆಯ ಮಣಿಗಳು 31. ಅದರ ಸಾವಿರಾರು ಪಟ್ಟು ತೂಗುವ ಮೋಲಾಗೆ 16, ಹೆಚ್ಚೆಂದರೆ 17. ಪಕ್ಕೆಲುಬು ಇಲ್ಲ, ಹೊಟ್ಟೆಯಡಿಯ ಜೋಡಿ ರೆಕ್ಕೆ ಇಲ್ಲ, ಅದಕ್ಕೆ ಆಧಾರವಾಗಬೇಕಿದ್ದ ಎಲುಬೂ ಇಲ್ಲ. ಇರುವ ಎಲುಬಾದರೂ ಗಟ್ಟಿಯೇ ಎಂದರೆ ಅದೂ ಅಲ್ಲ. ಬಹುಭಾಗ ಮೃದ್ವಸ್ಥಿಯಂತೆ ಮೆತ್ತಗಿದ್ದು ಚಾಕುವಿಗೆ ಸುಲಭವಾಗಿ ಸಿಗುತ್ತದೆ. ಬೆನ್ನುಹುರಿಯದು ಇನ್ನೂ ತಮಾಷೆ: ಮೆದುಳಿಗಿಂತಲೂ ಗಿಡ್ಡ. ಮೀಟರುಗಟ್ಟಲೆ ದೊಡ್ಡ ಮೀನಿನಲ್ಲೂ ಅದು ತಲೆಬುರುಡೆಯ ಹಿಂದೆಯೇ ಮುಗಿದುಹೋಗುತ್ತದೆ. ಅಲ್ಲಿಂದ ಹಿಂದಕ್ಕೆ ಬೆನ್ನುಮೂಳೆಯ ಕೊಳವೆಯಲ್ಲಿ ಹುರಿ ಇರುವುದಿಲ್ಲ, ನರಗಳ ಕಟ್ಟು ಮಾತ್ರ ಇರುತ್ತದೆ. ಮೈಯನ್ನು ಹಾವಿನಂತೆ ಬಳುಕಿಸುವ ಮೀನಿಗೆ ಉದ್ದನೆಯ ಹುರಿಯೂ ಬೇಕು, ಮಣಿಗಳ ಸಾಲೂ ಬೇಕು. ಮೋಲಾದ ಮೈ ಬಳುಕುವುದೇ ಇಲ್ಲವಲ್ಲ.

ಮಾಂಸದಲ್ಲೂ ಇದೇ ಕಥೆ. ಬೇಯಿಸಿದ ಬಂಗುಡೆಯ ತುಂಡನ್ನು ಬಿಡಿಸಿದರೆ ಓರೆಯಾದ ಪದರು ಪದರಾಗಿ ಬರುತ್ತದೆ. ಬೆನ್ನೆಲುಬಿನ ಎರಡೂ ಬದಿಗೆ ತಲೆಯಿಂದ ಬಾಲದವರೆಗೆ ಹಾಸಿಕೊಂಡಿರುವ, ಬಾಲ ಬಡಿಯುವ ಸ್ನಾಯು ಅದು. ಮೋಲಾವನ್ನು ಕೊಯ್ದರೆ ಆ ಪದರಗಳು ಸಿಗುವುದಿಲ್ಲ. ಸಿಗುವುದು ಮೇಲೊಂದು ಕೆಳಗೊಂದು ಎರಡು ದೊಡ್ಡ ಸ್ನಾಯುರಾಶಿ. ಎರಡರ ಮಧ್ಯೆ ಅಡ್ಡಲಾಗಿ ಒಂದು ಪರದೆ. ಬೇರೆ ಮೀನಿನಲ್ಲಿ ರೆಕ್ಕೆಯ ಬುಡದಲ್ಲಿ ಕಡ್ಡಿಯಷ್ಟಿರುವ ಸ್ನಾಯುಗಳೇ ಇಲ್ಲಿ ಬೆಳೆದು ಮೈಯನ್ನೆಲ್ಲ ತುಂಬಿಕೊಂಡಿವೆ. ಅವುಗಳಿಂದ ಹೊರಟ ಉದ್ದುದ್ದ ಬಿಳಿ ಸ್ನಾಯುರಜ್ಜುಗಳು ರೆಕ್ಕೆಯ ಒಂದೊಂದು ಕಡ್ಡಿಗೂ ಹೋಗಿ ಕಚ್ಚಿಕೊಳ್ಳುತ್ತವೆ.

ಈ ರೆಕ್ಕೆಗಳು ಬಡಿಯುವುದು ಹಕ್ಕಿಯ ರೆಕ್ಕೆಯಂತೆ ಮೇಲೆ ಕೆಳಗೆ ಅಲ್ಲ, ಎಡಕ್ಕೆ ಬಲಕ್ಕೆ. ಎರಡೂ ಒಂದೇ ಕಾಲಕ್ಕೆ ಒಂದೇ ಕಡೆಗೆ ಹೋಗುತ್ತವೆ. ಜಪಾನಿನ ಯುಕಿ ವತನಾಬೆ ಮತ್ತು ಕತ್ಸುಫುಮಿ ಸಾತೋ ಮೋಲಾಗಳ ಮೈಗೆ ಯಂತ್ರ ಅಂಟಿಸಿ ಬಿಟ್ಟು, 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ಸೆಕೆಂಡಿಗೆ 0.4ರಿಂದ 0.7 ಮೀಟರ್ ವೇಗದಲ್ಲಿ ಅವು ಒಂದೇ ಸಮನೆ ಈಜುತ್ತಿದ್ದವು. ಗಂಟೆಗೆ ಹೆಚ್ಚುಕಡಿಮೆ 1.5ರಿಂದ 2.5 ಕಿ.ಮೀ. ಕೇಳಲು ಕಡಿಮೆ ಎನಿಸಬಹುದು. ಆದರೆ ಅವಸರವಿಲ್ಲದೆ ಹೋಗುವ ಸಾಲ್ಮನ್‌ನಂಥ ಮೀನುಗಳ ವೇಗವೂ ಇದೇ ಮಟ್ಟದ್ದು. ಇನ್ನೊಂದು ಸಂಗತಿಯನ್ನೂ ಅವರು ತೋರಿಸಿದರು. ಬೆನ್ನಿನ ರೆಕ್ಕೆ, ಗುದದ ರೆಕ್ಕೆ ಎರಡರ ಮೂಲ ಬೇರೆ ಬೇರೆಯಾದರೂ ಮೋಲಾದಲ್ಲಿ ಅವುಗಳ ಆಕಾರವೂ ಸ್ನಾಯುವಿನ ತೂಕವೂ ಸರಿಸಮ. ಒಂದು ಕಡೆ ಬಲ ಹೆಚ್ಚಾದರೆ ಮೀನು ಪಲ್ಟಿ ಹೊಡೆಯುತ್ತದೆ, ಅದಕ್ಕೇ ಈ ಸಮತೋಲ. ಕ್ಯಾಲಿಫೋರ್ನಿಯಾದ ದಕ್ಷಿಣ ತೀರದಲ್ಲಿ ಹಿಂಬಾಲಿಸಿದ ಮೋಲಾಗಳು ದಿನಕ್ಕೆ ಸರಾಸರಿ 26 ಕಿ.ಮೀ.ಗಿಂತ ಹೆಚ್ಚು ದೂರ ಹೋದವು. ತೇಲುವ ಕಸ ಇಷ್ಟು ನೇರವಾಗಿ ಇಷ್ಟು ದೂರ ಹೋಗುವುದಿಲ್ಲ. ಮರಿವಯಸ್ಸಿನ ಮೋಲಾಗಳು ನೀರಿನಿಂದ ಪೂರ್ತಿ ಮೇಲಕ್ಕೆ ನೆಗೆಯುವುದನ್ನೂ ದೋಣಿಯವರು ನೋಡುತ್ತಲೇ ಇರುತ್ತಾರೆ.

ಪಕ್ಕದ ಎದೆರೆಕ್ಕೆಗಳು ಚಿಕ್ಕವು, ಗುಂಡಗೆ. ಮೈ ಓಲಾಡದಂತೆ ಹಿಡಿಯುವುದಷ್ಟೇ ಅವುಗಳ ಕೆಲಸ. ಕಿವಿರಿನ ದ್ವಾರ ಅವುಗಳ ಪಕ್ಕದಲ್ಲೇ ಒಂದು ಸಣ್ಣ ತೂತು. ಬೇರೆ ಮೀನುಗಳಂತೆ ಕಿವಿರಿನ ಮುಚ್ಚಳ ಎತ್ತಿ ನೋಡಲು ಇಲ್ಲಿ ಆಗುವುದಿಲ್ಲ.

ಇನ್ನು ತೇಲುವ ವಿಷಯ. ಬಹುತೇಕ ಎಲುಬಿನ ಮೀನುಗಳಿಗೆ ಹೊಟ್ಟೆಯಲ್ಲೊಂದು ಗಾಳಿಚೀಲ ಇರುತ್ತದೆ. ಬೆಳೆದ ಮೋಲಾಗೆ ಇಲ್ಲ. ಅದರ ಬದಲು ಚರ್ಮದಡಿಯಲ್ಲಿ ಬಿಳಿಯ, ರಬ್ಬರಿನಷ್ಟು ಬಿಗಿಯಾದ ಲೋಳೆಯ ದಪ್ಪ ಪದರವಿದೆ. ದೊಡ್ಡ ಮೀನಿನಲ್ಲಿ ಇದು ಹಲವು ಸೆಂ.ಮೀ. ದಪ್ಪವಿರುತ್ತದೆ. ಹತ್ತರಲ್ಲಿ ಸುಮಾರು ಒಂಬತ್ತು ಪಾಲು ನೀರೇ ಆದರೂ ಸಮುದ್ರದ ಉಪ್ಪುನೀರಿಗಿಂತ ಇದು ಹಗುರ. ಒಳಗಿನ ಎಲುಬು ಮಾಂಸದ ಭಾರವನ್ನು ಇದೇ ಸರಿದೂಗಿಸುತ್ತದೆ. ಗಾಳಿಚೀಲಕ್ಕಿಂತ ಇದು ಯಾಕೆ ಮೇಲು ಎಂಬುದಕ್ಕೆ ಒತ್ತಡದ ಲೆಕ್ಕ ನೋಡಬೇಕು. ನೀರಿನಲ್ಲಿ 10 ಮೀಟರ್ ಇಳಿದರೆ ಒತ್ತಡ ಎರಡು ಪಟ್ಟಾಗಿ ಚೀಲದ ಗಾಳಿ ಅರ್ಧಕ್ಕೆ ಕುಗ್ಗುತ್ತದೆ. 200 ಮೀಟರಿಗೆ ಹೋದರೆ ಇಪ್ಪತ್ತೊಂದನೇ ಒಂದು ಭಾಗ. ಮತ್ತೆ ಅವಸರದಲ್ಲಿ ಮೇಲೆ ಬಂದರೆ ಚೀಲ ಉಬ್ಬಿ ಒಡೆಯುವ ಅಪಾಯ. ಆಳದಿಂದ ಎಳೆದ ಬಲೆಯಲ್ಲಿ ಮೀನಿನ ಬಾಯಿಂದ ಹೊಟ್ಟೆ ಹೊರಬಂದಿರುವುದು ಈ ಕಾರಣಕ್ಕೇ. ಲೋಳೆ ಕುಗ್ಗುವುದೂ ಇಲ್ಲ, ಉಬ್ಬುವುದೂ ಇಲ್ಲ. ಆದ್ದರಿಂದ ಮೋಲಾ ದಿನಕ್ಕೆ ಎಷ್ಟು ಸಲ ಬೇಕಾದರೂ ಮೇಲಿಂದ ನೂರಾರು ಮೀಟರ್ ಆಳಕ್ಕೆ ಹೋಗಿ ಬರಬಹುದು. 800 ಮೀಟರಿಗಿಂತ ಕೆಳಗೆ ಇಳಿದದ್ದು ದಾಖಲಾಗಿದೆ. ಗಲಾಪಗೋಸ್ ದ್ವೀಪಗಳ ಬಳಿ ಇದರ ಹತ್ತಿರದ ನೆಂಟ ಜಾತಿಯೊಂದು 1,100 ಮೀಟರನ್ನೂ ದಾಟಿದೆ.

ಈ ಲೋಳೆಯ ಕವಚವನ್ನು ಬರೀ ತೇಲುವ ಸಾಮಾನು ಎಂದುಕೊಳ್ಳಬಾರದು. ಒಳಗೆ ಗಟ್ಟಿ ಎಲುಬುಗೂಡು ಇಲ್ಲದ ಮೇಲೆ ಅಷ್ಟು ಬಲದ ಸ್ನಾಯುಗಳು ಯಾವುದನ್ನು ಆಧರಿಸಿ ಎಳೆಯಬೇಕು? ಈ ಕವಚವನ್ನೇ. ಅದರಲ್ಲಿ ಹೆಣೆದುಕೊಂಡ ಕಾಲಜನ್ ನಾರುಗಳು ಮೈಯ ಆಕಾರ ಕೆಡದಂತೆ ಹಿಡಿಯುತ್ತವೆ. ಅಂದರೆ ಮೋಲಾದ ಗೂಡು ಅರ್ಧ ಹೊರಗಡೆಯೇ ಇದೆ. ಅದರ ಮೇಲಿನ ಚರ್ಮದಲ್ಲಿ ಸಣ್ಣ ಸಣ್ಣ ಹಲ್ಲಿನಂಥ ಮುಳ್ಳುಗಳು. ಮುಟ್ಟಿದರೆ ಉಪ್ಪುಕಾಗದದಷ್ಟು ಒರಟು, ಜತೆಗೆ ಬೆರಳಿಗೆ ಅಂಟುವ ಲೋಳೆ.

ಬಾಯಿ

ಮೇಲಿನ ದವಡೆಯ ಹಲ್ಲುಗಳೆಲ್ಲ ಬೆಸೆದು ಒಂದು ತಟ್ಟೆ, ಕೆಳಗಿನವು ಬೆಸೆದು ಇನ್ನೊಂದು. ಕೊಕ್ಕಿನಂಥ ಈ ಬಾಯಿ ಪೂರ್ತಿ ಮುಚ್ಚುವುದಿಲ್ಲ, ಹಾಗಾಗಿ ಸದಾ ಏನೋ ಹೇಳಹೊರಟವರ ಮುಖಭಾವ. ತಿನ್ನುವ ರೀತಿ ಹೀಗೆ: ನೀರಿನೊಂದಿಗೆ ಬೇಟೆಯನ್ನು ಒಳಗೆಳೆಯುತ್ತದೆ, ಉಗುಳುತ್ತದೆ, ಮತ್ತೆ ಎಳೆಯುತ್ತದೆ. ತುಂಡಾದದ್ದು ಗಂಟಲಿಗೆ ಹೋದಾಗ ಅಲ್ಲಿ ಉಗುರಿನಂತೆ ಉದ್ದವಾಗಿ ಬಾಗಿದ ಹಲ್ಲುಗಳ ಸಾಲು ಕಾದಿರುತ್ತದೆ. ಜಾರುವ ಲೋಳೆಮೀನನ್ನು (ಜೆಲ್ಲಿಫಿಶ್) ಹೊರಗೆ ಜಾರದಂತೆ ಹಿಡಿಯಲು ಅದು ತಕ್ಕ ಸಲಕರಣೆ.

ಮೋಲಾ ಲೋಳೆಮೀನು ಬಿಟ್ಟು ಬೇರೇನೂ ತಿನ್ನುವುದಿಲ್ಲ ಎಂದು ಹಳೆಯ ಪುಸ್ತಕಗಳಲ್ಲಿ ಇತ್ತು, ಈಗಲೂ ಎಲ್ಲರೂ ಅದನ್ನೇ ನಕಲು ಮಾಡುತ್ತಾರೆ. ಅದು ಅರ್ಧಸತ್ಯ. ಒಂದು ಮೀಟರಿಗಿಂತ ಚಿಕ್ಕ ಮೋಲಾಗಳ ಹೊಟ್ಟೆಯಲ್ಲಿ ಏಡಿ, ಸಿಗಡಿ ಜಾತಿಯವು, ಸಣ್ಣ ಮೀನು, ತಳದಲ್ಲಿ ಬದುಕುವ ಜೀವಿಗಳು ಸಿಗುತ್ತವೆ. ದೊಡ್ಡದಾದಂತೆ ಆಳಕಡಲಿಗೆ ಹೋಗಿ ಲೋಳೆಜೀವಿಗಳತ್ತ ವಾಲುತ್ತವೆ. ಹಾಗಾದರೂ ಬರೀ ನೀರಿನಂಥ ಲೋಳೆಮೀನು ತಿಂದು ಟನ್ನುಗಟ್ಟಲೆ ಬೆಳೆಯುವುದು ಹೇಗೆ ಎಂಬ ಅನುಮಾನ ಸಹಜ. ಜಪಾನಿನ ಇತ್ಸುಮಿ ನಕಾಮುರಾ ಮತ್ತು ಸಂಗಡಿಗರು ಮೋಲಾಗಳ ಮೇಲೆ ಕ್ಯಾಮೆರಾ ಕೂರಿಸಿ ಕಳಿಸಿದಾಗ ಉತ್ತರ ಸಿಕ್ಕಿತು. ಅವು ಲೋಳೆಮೀನಿನ ಕೊಡೆಯಂಥ ಭಾಗವನ್ನು ಬಿಟ್ಟು, ಪೌಷ್ಟಿಕವಾದ ಜನನಾಂಗ ಮತ್ತು ಬಾಯಿಯ ಸುತ್ತಲಿನ ತೋಳುಗಳನ್ನು ಆರಿಸಿ ತಿನ್ನುತ್ತಿದ್ದವು. ದಡ್ಡ ಮೀನಿನ ಲಕ್ಷಣ ಇದಲ್ಲ.

ಬಿಸಿಲು ಕಾಯುವುದು

2015ರಲ್ಲಿ ಬಂದ ಅದೇ ತಂಡದ ಕೆಲಸವೇ ಮೋಲಾದ ಬಹಳ ಪ್ರಸಿದ್ಧ ವರ್ತನೆಗೂ ಕಾರಣ ಕೊಟ್ಟಿತು. ಹಗಲಿನಲ್ಲಿ ಮೋಲಾ ಮೇಲ್ಮೈಗೆ ಬಂದು ಒಂದು ಮಗ್ಗುಲಿಗೆ ಮಲಗಿಬಿಡುತ್ತದೆ. ದೋಣಿಯವರು ಸತ್ತಿದೆ ಎಂದೋ ಸಾಯುತ್ತಿದೆ ಎಂದೋ ತಿಳಿಯುವುದು ಇದನ್ನೇ. ನಿಜದಲ್ಲಿ ಅದು ಊಟದ ನಡುವಿನ ವಿರಾಮ. 100ರಿಂದ 200 ಮೀಟರ್ ಆಳದ ತಣ್ಣೀರಿನಲ್ಲಿ ಸೈಫನೋಫೋರ್ ಎಂಬ ಉದ್ದನೆಯ ಸರಪಳಿಯಂಥ ಲೋಳೆಜೀವಿಗಳನ್ನು ತಿನ್ನುತ್ತಾ ಮೀನಿನ ಮೈ ತಣ್ಣಗಾಗುತ್ತದೆ. ತೀರಾ ತಣ್ಣಗಾಗುವ ಮುಂಚೆ ಮೇಲೆ ಬಂದು ಮೈ ಕಾಯಿಸಿಕೊಂಡು ಮತ್ತೆ ಇಳಿಯುತ್ತದೆ. ಇದರಲ್ಲೊಂದು ಜಾಣತನವಿದೆ. ಕೆಳಗೆ ತಣ್ಣಗಾಗುವುದಕ್ಕಿಂತ ಮೇಲೆ ಬೆಚ್ಚಗಾಗುವಾಗ ಮೈಯೊಳಗೆ ಶಾಖ ಹಾಯುವ ದರ 3ರಿಂದ 7 ಪಟ್ಟು ಹೆಚ್ಚಿತ್ತು. ರಕ್ತದ ಹರಿವನ್ನು ಹೆಚ್ಚುಕಡಿಮೆ ಮಾಡಿಕೊಳ್ಳದೆ ಇಂಥ ವ್ಯತ್ಯಾಸ ಸಾಧ್ಯವಿಲ್ಲ. ಮೈ ದೊಡ್ಡದಾದಷ್ಟೂ ತಣ್ಣಗಾಗುವುದು ನಿಧಾನ, ಆಳದಲ್ಲಿ ಊಟಕ್ಕೆ ಸಿಗುವ ಹೊತ್ತು ಜಾಸ್ತಿ. ಇಷ್ಟು ದಪ್ಪವಾಗಿ ಬೆಳೆದರೆ ಏನು ಲಾಭ ಎಂಬುದಕ್ಕೆ ಇದೂ ಒಂದು ಉತ್ತರ.

ಮೇಲ್ಮೈಯಲ್ಲಿ ಮೋಲಾದ ರೆಕ್ಕೆ ಕಂಡು ಶಾರ್ಕ್ ಎಂದು ಕಿರುಚುವವರೂ ಇದ್ದಾರೆ. ಗುರುತು ಹಿಡಿಯುವುದು ಸುಲಭ. ಶಾರ್ಕಿನ ರೆಕ್ಕೆ ಬಿಗಿಯಾಗಿ ನಿಂತು ನೀರು ಸೀಳಿಕೊಂಡು ಮುಂದೆ ಹೋಗುತ್ತದೆ. ಮೋಲಾದ್ದು ಎಡಕ್ಕೊಮ್ಮೆ ಬಲಕ್ಕೊಮ್ಮೆ ಧೊಪ್ಪನೆ ಬಾಗುತ್ತದೆ, ಮಲಗಿದ್ದಾಗ ಗಾಳಿಯಲ್ಲಿ ಕೈ ಬೀಸಿದಂತೆ ಅಲುಗುತ್ತದೆ.

ಮಲಗುವುದಕ್ಕೆ ಇನ್ನೊಂದು ಕಾರಣ ಮೈಮೇಲಿನ ಹುಳಗಳು. ಮೋಲಾದ ಚರ್ಮ, ಕಿವಿರು, ಕರುಳು, ಯಕೃತ್ತುಗಳಿಂದ 40ಕ್ಕೂ ಹೆಚ್ಚು ಜಾತಿಯ ಪರಾವಲಂಬಿಗಳನ್ನು ಹೆಕ್ಕಿ ದಾಖಲಿಸಿದ್ದಾರೆ. ಪೆನ್ನೆಲ್ಲಾ ಎಂಬುದು ತಲೆಯನ್ನು ಮಾಂಸದೊಳಗೆ ನೆಟ್ಟು, ಉಳಿದ ಮೈಯನ್ನು ದಾರದಂತೆ ಹೊರಗೆ ಜೋತಾಡಿಸಿಕೊಂಡು ಇರುತ್ತದೆ. ನೋಡಿದರೆ ಹುಳ, ಆದರೆ ಕುಲದಲ್ಲಿ ಸಿಗಡಿಯ ದೂರದ ಬಂಧು. ಅಕ್ಕಸೀಲಿಯಂ ಎಂಬ ಚಪ್ಪಟೆಹುಳ ಗಂಟಲು ಮತ್ತು ಕಿವಿರಿಗೆ ಅಂಟಿಕೊಳ್ಳುತ್ತದೆ. ತನ್ನ ಮೈಯನ್ನು ತಾನೇ ತಿಕ್ಕಿಕೊಳ್ಳಲು ಬಾಗದ ಮೀನಿಗೆ ಹೊರಗಿನ ಸಹಾಯ ಬೇಕು. ಮಲಗಿದ ಮೋಲಾದ ಮೇಲಿಂದ ಕಡಲಹಕ್ಕಿಗಳು ಹುಳ ಕುಕ್ಕಿ ತೆಗೆಯುತ್ತವೆ. ಪಶ್ಚಿಮ ಪೆಸಿಫಿಕ್‌ನಲ್ಲಿ ಲೇಸನ್ ಆಲ್ಬಟ್ರಾಸ್ ಹಕ್ಕಿಗಳು ಮೋಲಾಗಳ ಹಿಂಡಿನಿಂದ ಹೀಗೆ ಪೆನ್ನೆಲ್ಲಾ ಕೀಳುವುದನ್ನು 2012ರಲ್ಲಿ ವರದಿ ಮಾಡಿದ್ದಾರೆ. ಮೋಲಾಗಳು ಹಕ್ಕಿಗಳತ್ತ ತಾವಾಗಿಯೇ ಹೋಗಿ ಮಗ್ಗುಲು ತೋರಿಸುತ್ತಿದ್ದವಂತೆ.

ಬಾಲಿಯ ನುಸಾ ಪೆನಿಡಾ ದ್ವೀಪದ ಸುತ್ತ ಈ ಕೆಲಸ ಬ್ಯಾನರ್‌ಫಿಶ್ ಮತ್ತು ಏಂಜೆಲ್‌ಫಿಶ್‌ಗಳದು. ಜುಲೈಯಿಂದ ಅಕ್ಟೋಬರ್‌ವರೆಗೆ ಆಳದ ತಣ್ಣೀರು ಮೇಲೆ ಉಕ್ಕಿ ಬರುವಾಗ ಮೋಲಾ ಕುಲದ ಮೀನುಗಳು ಬಂಡೆಯಂಚಿಗೆ ಬರುತ್ತವೆ. ಡೈವಿಂಗಿಗೆ ಹೋಗುವವರು ಅಲ್ಲಿ ಎಡವುವುದು ಅವಸರದಲ್ಲಿ. ಮೀನು ಕಂಡ ತಕ್ಷಣ ಈಜಿ ಹತ್ತಿರ ಹೋದರೆ ಅದು ಆಳಕ್ಕೆ ಸರಿದುಬಿಡುತ್ತದೆ. ಬಂಡೆಯ ಕಡೆ ಬೆನ್ನು ಮಾಡಿ, ಅಲುಗಾಡದೆ, ಸಣ್ಣ ಮೀನುಗಳು ಶುಚಿ ಮಾಡಲು ತೊಡಗುವವರೆಗೆ ಕಾಯಬೇಕು. ಹಿಂದಿನಿಂದ ಹೋಗಬಾರದು, ಮುಟ್ಟಬಾರದು, ಫ್ಲ್ಯಾಶ್ ಹೊಡೆಯಬಾರದು. ನೀರು ಇದ್ದಕ್ಕಿದ್ದಂತೆ ತಣ್ಣಗಾಗುತ್ತದೆ, ಸೆಳೆತವೂ ಜೋರು. ತೆಳ್ಳನೆಯ ವೆಟ್‌ಸೂಟ್ ಸಾಲದು.

ಮೊಟ್ಟೆಯಿಂದ ಟನ್ನಿನವರೆಗೆ

ಡೆನ್ಮಾರ್ಕಿನ ಯೊಹಾನೆಸ್ ಶ್ಮಿಟ್, ಹಾವುಮೀನಿನ ಹುಟ್ಟೂರು ಹುಡುಕಿ ಅಟ್ಲಾಂಟಿಕ್ ಜಾಲಾಡಿದ ವಿಜ್ಞಾನಿ, 1921ರಲ್ಲಿ ಮೋಲಾದ ಮರಿಗಳ ಬಗ್ಗೆಯೂ ಬರೆದ. ಸುಮಾರು 1.4 ಮೀಟರಿನ ಒಂದು ಹೆಣ್ಣಿನ ಅಂಡಾಶಯದಲ್ಲಿ 30 ಕೋಟಿ ಮೊಟ್ಟೆ ಎಂದು ಅವನು ಕೊಟ್ಟ ಅಂದಾಜೇ ಇವತ್ತಿಗೂ ಎಲ್ಲ ಕಡೆ ಓಡಾಡುತ್ತಿದೆ. ನೆನಪಿಡಬೇಕಾದ್ದು, ಅದು ಒಂದೇ ಮೀನಿನ ಅಂದಾಜು. ಇಷ್ಟೂ ಮೊಟ್ಟೆ ಒಂದೇ ಸಲ ಇಡುತ್ತದೆ ಎಂದು ಅದರ ಅರ್ಥವಲ್ಲ.

ಮೊಟ್ಟೆಯೊಡೆದ ಮರಿ ಎರಡು ಮೂರು ಮಿಲಿಮೀಟರ್. ಸ್ವಲ್ಪ ಬೆಳೆದ ಮೇಲೆ ಅದು ಥೇಟ್ ನೆಗ್ಗಿಲು ಮುಳ್ಳು: ಗುಂಡನೆಯ ಮೈ, ಸುತ್ತಲೂ ಎದ್ದು ನಿಂತ ಮುಳ್ಳುಗಳು. ಪಫರ್ ಮೀನಿನ ನೆಂಟಸ್ತಿಕೆ ಈ ವಯಸ್ಸಿನಲ್ಲೇ ಎದ್ದು ಕಾಣುವುದು. ಇದನ್ನು ದೊಡ್ಡ ಮೋಲಾದ ಮರಿ ಎಂದು ಯಾರೂ ಊಹಿಸದೆ, ಹತ್ತೊಂಬತ್ತನೇ ಶತಮಾನದಲ್ಲಿ ಮೋಲಕಾಂಥಸ್ ಎಂಬ ಬೇರೆ ಹೆಸರನ್ನೇ ಕೊಟ್ಟಿದ್ದರು. ಈಗಲೂ ಮರಿ ಸಿಗುವುದು ಅಪರೂಪ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ತೀರದಲ್ಲಿ 2017ರಲ್ಲಿ ಹಿಡಿದ ಒಂದು ಪುಟ್ಟ ಮರಿಯ ಡಿಎನ್ಎ ಪರೀಕ್ಷಿಸಿ, ಅದು ಮೋಲಾ ಮೋಲಾದ ಹತ್ತಿರದ ನೆಂಟ, ಮೋಲಾ ಅಲೆಕ್ಸಾಂಡ್ರಿನಿ ಜಾತಿಯದೆಂದು 2020ರಲ್ಲಿ ಹೇಳಿದ್ದೇ ದೊಡ್ಡ ಸುದ್ದಿಯಾಯಿತು.

ಆಮೇಲಿನ ಬೆಳವಣಿಗೆ ಭಯಂಕರ. ಕ್ಯಾಲಿಫೋರ್ನಿಯಾದ ಮಾಂಟೆರೆ ಬೇ ಅಕ್ವೇರಿಯಂನಲ್ಲಿ ಒಂದು ಮೋಲಾ 15 ತಿಂಗಳಲ್ಲಿ 26 ಕೆ.ಜಿ.ಯಿಂದ 399 ಕೆ.ಜಿ.ಗೆ ಏರಿತು. ದಿನಕ್ಕೆ ಸರಾಸರಿ 800 ಗ್ರಾಂ! ಕೊನೆಗೆ ಟ್ಯಾಂಕು ಸಾಲದೆ ಹೆಲಿಕಾಪ್ಟರಿನಲ್ಲಿ ಎತ್ತಿ ಕಡಲಿಗೆ ಬಿಡಬೇಕಾಯಿತು. 2016ರಲ್ಲಿ ಮೋಲಾದ ಪೂರ್ತಿ ಜೀನೋಮ್ ಓದಿದಾಗ, ಬೆಳವಣಿಗೆಯ ಹಾರ್ಮೋನಿಗೆ ಸಂಬಂಧಿಸಿದ ಜೀನುಗಳಲ್ಲಿ ಬದಲಾವಣೆ ವೇಗವಾಗಿ ಆಗಿರುವುದು ಕಂಡಿತು. ಮೆತ್ತನೆಯ ಎಲುಬಿಗೆ ಕಾರಣವಿರಬಹುದಾದ ಕೆಲವು ಜೀನುಗಳೂ ಆ ಪಟ್ಟಿಯಲ್ಲಿವೆ.

ತೂಕದ ದಾಖಲೆ ಅಟ್ಲಾಂಟಿಕ್‌ನ ಅಜೋರ್ಸ್ ದ್ವೀಪಗಳದ್ದು. 2021ರ ಡಿಸೆಂಬರಿನಲ್ಲಿ ಫಯಾಲ್ ದ್ವೀಪದ ಬಳಿ ಸತ್ತು ತೇಲುತ್ತಿದ್ದ ಮೀನನ್ನು ದಡಕ್ಕೆ ಎಳೆದು ತೂಗಿದರೆ 2,744 ಕೆ.ಜಿ. ಉದ್ದ 3.25 ಮೀಟರ್, ಮೇಲಿನ ರೆಕ್ಕೆಯ ತುದಿಯಿಂದ ಕೆಳಗಿನ ರೆಕ್ಕೆಯ ತುದಿಗೆ 3.59 ಮೀಟರ್. ತಲೆಯ ಮೇಲೆ ಜಜ್ಜಿದ ಗಾಯ, ಅದರಲ್ಲಿ ದೋಣಿಯ ಅಡಿಗೆ ಬಳಿಯುವಂಥ ಕೆಂಪು ಬಣ್ಣ ಮೆತ್ತಿಕೊಂಡಿತ್ತು. ಅದಕ್ಕೂ ಮುಂಚಿನ ದಾಖಲೆ, 1996ರಲ್ಲಿ ಜಪಾನಿನ ಕಾಮೊಗಾವಾ ಹತ್ತಿರ ಸಿಕ್ಕ 2,300 ಕೆ.ಜಿ.ಯದು. ಇವೆರಡೂ ಮೋಲಾ ಮೋಲಾ ಅಲ್ಲ, ಅಲೆಕ್ಸಾಂಡ್ರಿನಿ. ಜಪಾನಿನದ್ದನ್ನು ಬಹಳ ವರ್ಷ ಮೋಲಾ ಮೋಲಾ ಎಂದೇ ನಂಬಲಾಗಿತ್ತು. 2018ರಲ್ಲಷ್ಟೇ ಹೆಸರು ಸರಿಹೋಯಿತು. ಮೋಲಾ ಮೋಲಾವೇ ಅತಿ ಭಾರದ ಎಲುಬುಮೀನು ಎಂದು ಕ್ವಿಜ್ ಪುಸ್ತಕಗಳಲ್ಲಿರುವ ಉತ್ತರ ಹಾಗಾಗಿ ಈಗ ತಪ್ಪು.

ಯಾವುದು ಯಾವುದು

ಈ ನೆಂಟರನ್ನು ಬೇರೆ ಬೇರೆಯಾಗಿ ಗುರುತಿಸಲು ಎಲ್ಲಕ್ಕೂ ಮೊದಲು ಹಿಂದಿನ ಅಂಚು ನೋಡಬೇಕು, ಆಮೇಲೆ ತಲೆ. ದೊಡ್ಡ ಮೋಲಾ ಮೋಲಾದ ಕ್ಲೇವಸ್ಸಿನ ಅಂಚು ಅಲೆಅಲೆಯಾಗಿರುತ್ತದೆ. ಅಲೆಕ್ಸಾಂಡ್ರಿನಿಯ ಅಂಚು ಸರಾಗವಾದ ಗುಂಡು, ಜತೆಗೆ ಹಣೆಯ ಮೇಲೂ ಗಲ್ಲದ ಕೆಳಗೂ ಉಬ್ಬು. ಮರಿಯಾನೆ ನ್ಯೂಗಾರ್ಡ್ 2017ರಲ್ಲಿ ವಿವರಿಸಿದ ಮೋಲಾ ಟೆಕ್ಟಾದಲ್ಲಿ ಉಬ್ಬುಗಳಿಲ್ಲ, ಮೈ ತುಸು ನೀಳ, ಅಂಚಿನ ನಡುವೆ ಸಣ್ಣದೊಂದು ಕಚ್ಚು. ಅದು ಮುಖ್ಯವಾಗಿ ದಕ್ಷಿಣ ಗೋಳಾರ್ಧದ ತಂಪು ನೀರಿನ ಮೀನು. ಮಸ್ತೂರಸ್ ಎಂಬ ಇನ್ನೊಂದು ನೆಂಟನಿಗೆ ಕ್ಲೇವಸ್ಸಿನ ನಡುವಿನಿಂದ ಮೊನಚಾದ ತುದಿ ಹೊರಟಿರುತ್ತದೆ. ಉದ್ದನೆಯ ಮೈಯ ರಾಂಜಾನಿಯಾ ಒಂದು ಮೀಟರ್ ದಾಟುವುದಿಲ್ಲ, ಚುರುಕು, ಹಿಂಡಿನಲ್ಲಿ ಓಡಾಡುತ್ತದೆ. ಬಣ್ಣ ನೋಡಿ ಜಾತಿ ಹೇಳಲು ಹೋಗಬೇಡಿ. ಒಂದೇ ಮೀನು ನಿಮಿಷಗಳಲ್ಲಿ ಬೂದಿಯಿಂದ ಬಿಳಿಗೆ, ಕಲೆಕಲೆಗೆ ಬದಲಾಗುತ್ತದೆ.

ತಿನ್ನುವ ವಿಚಾರಕ್ಕೆ ದೇಶಕ್ಕೊಂದು ನಿಲುವು. ತೈವಾನಿನ ಹ್ವಾಲಿಯೆನ್‌ನಲ್ಲೂ ಜಪಾನಿನ ಕೆಲವು ತೀರಗಳಲ್ಲೂ ಇದು ಊಟದ ಮೀನು. ನೀರುನೀರಾದ ಮಾಂಸವನ್ನು ಚಾಕುವಿಲ್ಲದೆ ಕೈಯಿಂದಲೇ ಎಳೆಎಳೆಯಾಗಿ ಸೀಳುತ್ತಾರೆ. ಯುರೋಪಿಯನ್ ಒಕ್ಕೂಟದಲ್ಲಿ ಮಾರುವಂತೆಯೇ ಇಲ್ಲ. ವಿಷದ ಪಫರ್ ಮೀನುಗಳ ಜತೆಗೆ ಈ ಕುಟುಂಬವನ್ನೂ ನಿಷೇಧದ ಪಟ್ಟಿಗೆ ಸೇರಿಸಿದ್ದಾರೆ.

ಬೇಕೆಂದು ಹಿಡಿಯುವುದಕ್ಕಿಂತ ಬೇರೆ ಮೀನಿಗೆ ಬಿಟ್ಟ ಬಲೆಗೆ ಬೀಳುವ ಮೋಲಾಗಳೇ ಹೆಚ್ಚು. ಕತ್ತಿಮೀನಿಗೆ ಬಿಡುವ ತೇಲುಬಲೆ, ಟ್ಯೂನಾಕ್ಕೆ ಬಿಡುವ ಲಾಂಗ್‌ಲೈನ್ ಎಂಬ ಉದ್ದನೆಯ ಸಾಲುಗಾಳ, ತೀರದಲ್ಲಿ ನೆಟ್ಟ ಬೋನುಬಲೆ, ಎಲ್ಲದಕ್ಕೂ ಇದು ಸಿಗುತ್ತದೆ. ಜೀವಿಗಳ ಅಳಿವಿನ ಅಪಾಯವನ್ನು ಅಳೆಯುವ ಐಯುಸಿಎನ್ ಸಂಸ್ಥೆಯ ಪಟ್ಟಿಯಲ್ಲಿ ಮೋಲಾ ಮೋಲಾವನ್ನು ಅಪಾಯಕ್ಕೀಡಾಗಬಲ್ಲ ಜಾತಿ ಎಂದು ಗುರುತಿಸಿರುವುದು ಮುಖ್ಯವಾಗಿ ಇದೇ ಕಾರಣಕ್ಕೆ. ಇಟಲಿಯ ಕಮೋಲ್ಯಿ ಊರಿನ ಹಳೆಯ ಬೋನುಬಲೆಯಲ್ಲಿ ಪ್ರತಿ ಋತುವಿನಲ್ಲೂ ಮೋಲಾಗಳು ಬೀಳುತ್ತವೆ, ಅವನ್ನು ಜೀವಂತ ಬಿಡುತ್ತಾರೆ. ಬಿಡುವ ರೀತಿಯಲ್ಲೇ ಮೀನು ಬದುಕುವುದೂ ಸಾಯುವುದೂ ನಿರ್ಧಾರವಾಗುತ್ತದೆ. ಬಲೆಯ ಮೇಲಂಚನ್ನು ನೀರಿನೊಳಗೆ ತಗ್ಗಿಸಿ ಅದೇ ಈಜಿಕೊಂಡು ಹೋಗುವಂತೆ ಮಾಡುವುದು ಎಲ್ಲಕ್ಕಿಂತ ಒಳ್ಳೆಯದು. ಕಣ್ಣಿನ ಗುಳಿಗೋ ಕಿವಿರಿನ ತೂತಿಗೋ ಕೊಕ್ಕೆ ಸಿಕ್ಕಿಸಿ ಎಳೆದರೆ, ರೆಕ್ಕೆಗೆ ಹಗ್ಗ ಕಟ್ಟಿ ಕ್ರೇನಿನಲ್ಲಿ ಎತ್ತಿದರೆ, ನೀರಿಗೆ ಬಿಟ್ಟರೂ ಅದು ಉಳಿಯುವುದು ಕಷ್ಟ. ಎರಡೇ ರೆಕ್ಕೆಗಳಲ್ಲಿ ಒಂದರ ಬುಡ ಕಿತ್ತುಹೋದರೆ ಸಮತೋಲವೇ ಹೋಯಿತು, ಬದಲಿಗೆ ಬಾಲವಿಲ್ಲ. ಮಾಂಟೆರೆ ಕೊಲ್ಲಿಯ ಕಡಲಸಿಂಹಗಳು ಎಳೆಯ ಮೋಲಾಗಳ ರೆಕ್ಕೆಯನ್ನಷ್ಟೇ ಹರಿದು, ಉಳಿದದ್ದನ್ನು ಎಸೆದಾಡಿ ಬಿಟ್ಟುಹೋಗುತ್ತವೆ. ಹಾಗೆ ಬಿಟ್ಟ ಮೀನು ತಳ ಸೇರಿ ನಿಧಾನವಾಗಿ ಸಾಯುತ್ತದೆ.

ಅಕ್ವೇರಿಯಂನವರಿಗೆ ತಲೆನೋವು ಬೇರೆ ಥರದ್ದು. ಮೋಲಾ ಥಟ್ಟನೆ ನಿಲ್ಲಲಾರದು, ಗಾಜು ಎಂದರೆ ಏನೆಂದೂ ಅದಕ್ಕೆ ಗೊತ್ತಿಲ್ಲ. ಗೋಡೆಗೆ ಮೂತಿ ಉಜ್ಜಿಕೊಂಡು ಗಾಯವಾಗಿ ಸೋಂಕು ಹತ್ತುತ್ತದೆ. ಅದಕ್ಕೆ ಜಪಾನಿನಲ್ಲಿ ಟ್ಯಾಂಕಿನ ಗೋಡೆಯಿಂದ ಸ್ವಲ್ಪ ಒಳಗೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಪರದೆ ಕಟ್ಟುತ್ತಾರೆ. ಬೇರೆ ಮೀನುಗಳ ಜತೆ ಪೈಪೋಟಿಯಲ್ಲಿ ತಿನ್ನಲಾರದ್ದರಿಂದ ಮೇಲ್ಮೈಗೆ ಕರೆದು ಕೈಯಾರೆ ತಿನ್ನಿಸಬೇಕು; ಗುರುತಿನ ಕೋಲು ಕಂಡರೆ ಬರುವಂತೆ ಕಲಿಸಿದರೆ ಬೇಗನೆ ಕಲಿಯುತ್ತವೆ. ಕಾಮೊಗಾವಾ ಸೀ ವರ್ಲ್ಡ್‌ನಲ್ಲಿ 1982ರಲ್ಲಿ ತಂದ ಒಂದು ಮೋಲಾ 2,993 ದಿನ ಬದುಕಿತ್ತು. ಶಿಮೊನೊಸೆಕಿಯ ಅಕ್ವೇರಿಯಂ ರಿಪೇರಿಗಾಗಿ 2024ರ ಡಿಸೆಂಬರಿನಲ್ಲಿ ಬಾಗಿಲು ಹಾಕಿದ ಮೇಲೆ ಅಲ್ಲಿನ ಮೋಲಾ ಊಟ ಬಿಟ್ಟು ಗೋಡೆಗೆ ಮೈ ಉಜ್ಜತೊಡಗಿತು. ಮೊದಲಿಗೆ ಹುಳದ ಕಾಟ ಎಂದುಕೊಂಡರು. ಆಮೇಲೆ ಯಾರಿಗೋ ಹೊಳೆದು, ಟ್ಯಾಂಕಿನ ಮುಂದೆ ಸಿಬ್ಬಂದಿಯ ಯೂನಿಫಾರಂ ತೂಗುಹಾಕಿ ಮನುಷ್ಯರ ಮುಖದ ಚಿತ್ರ ಅಂಟಿಸಿದರೆ, ಮರುದಿನವೇ ಚೇತರಿಸಿಕೊಂಡಿತು. ಇದು ಒಂದೇ ಮೀನಿನ ಸಂಗತಿ, ಒಂಟಿತನವೇ ಕಾರಣ ಎಂದು ಸಾಧಿಸಲು ಸಾಲದು. ಆದರೂ ಗಾಜಿನಾಚೆ ಏನಿದೆ ಎಂದು ಮೋಲಾ ನೋಡುತ್ತದೆ ಎನ್ನುವುದಂತೂ ನಿಜ. ಅದರ ಕಣ್ಣು ದೊಡ್ಡದು, ಸುತ್ತಲಿನ ಚರ್ಮ ಸಂಕುಚಿಸಿ ರೆಪ್ಪೆಯಂತೆ ಮುಚ್ಚಿಕೊಳ್ಳಲೂ ಬರುತ್ತದೆ, ಮೀನುಗಳಲ್ಲಿ ಇದು ಅಪರೂಪ.

ಭಾರತದ ಎರಡೂ ಕರಾವಳಿಗಳಲ್ಲಿ ಈ ಕುಟುಂಬದ ಮೀನು ಆಗಾಗ ಬಲೆಗೆ ಬಿದ್ದು ಬಂದರಿಗೆ ಬಂದದ್ದಿದೆ, ಮೊನಚು ತುದಿಯ ಮಸ್ತೂರಸ್ ಕೂಡ. ಸುದ್ದಿಯಲ್ಲಿ ಎಲ್ಲವೂ ಮೋಲಾ ಮೋಲಾ ಆಗಿಬಿಡುತ್ತವೆ. ಬಂದರಿನಲ್ಲಿ ಅಂಥದ್ದು ಕಂಡರೆ ಪಕ್ಕದಲ್ಲಿ ನಿಂತು ಸೆಲ್ಫಿ ತೆಗೆಯುವ ಮುಂಚೆ ನಾಲ್ಕು ಕೆಲಸ ಮಾಡಿ. ಮೀನಿನ ಒಂದು ಮಗ್ಗುಲು ಪೂರ್ತಿ ಬರುವಂತೆ ನೇರ ಮೇಲಿನಿಂದ ಒಂದು ಫೋಟೋ. ಹಿಂದಿನ ಅಂಚಿನದೇ ಹತ್ತಿರದ ಇನ್ನೊಂದು. ಅಂಚು ಮಡಿಚಿಕೊಂಡಿದ್ದರೆ ಬಿಡಿಸಿ ತೆಗೆಯಿರಿ. ಮೂತಿಯಿಂದ ಕ್ಲೇವಸ್ಸಿನ ಅಂಚಿಗೆ ಟೇಪನ್ನು ಮೈಯ ಉಬ್ಬಿನ ಮೇಲೆ ಹಾಯಿಸದೆ ನೇರವಾಗಿ ಹಿಡಿದು ಉದ್ದ ಅಳೆಯಿರಿ. ರೆಕ್ಕೆಯ ಬುಡದಿಂದ ಉಗುರಿನಷ್ಟು ಮಾಂಸ ಕೊಯ್ದು ಸ್ಪಿರಿಟ್ ತುಂಬಿದ ಸಣ್ಣ ಬಾಟಲಿಯಲ್ಲಿ ಹಾಕಿಟ್ಟು, ದಿನಾಂಕ ಮತ್ತು ಹಿಡಿದ ಜಾಗವನ್ನು ಪೆನ್ಸಿಲ್ಲಿನಲ್ಲಿ ಬರೆದ ಚೀಟಿಯನ್ನು ಬಾಟಲಿಯೊಳಗೇ ಬಿಡಿ. ಪೆನ್ನಿನ ಶಾಯಿ ಸ್ಪಿರಿಟ್ಟಿನಲ್ಲಿ ಕರಗಿಹೋಗುತ್ತದೆ. ಹತ್ತಿರದ ಮೀನುಗಾರಿಕೆ ಕಾಲೇಜಿಗೋ ಸಂಶೋಧನಾ ಕೇಂದ್ರಕ್ಕೋ ಇಷ್ಟು ತಲುಪಿಸಿದರೆ ಜಾತಿ ಯಾವುದೆಂದು ಅವರು ಹೇಳಬಲ್ಲರು.